ಮೊಹರಿನ ಯಜಮಾನರು

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಎಂಬ ನಾಲ್ಕು ತಾಲ್ಲೂಕುಗಳಲ್ಲಿ ಸಂಚರಿಸಿದವರು, ಹೊಗೆಸೊಪ್ಪನ್ನು ಹದಮಾಡುವ ಬ್ಯಾರನ್ ಎರಡು, ನೀರಾವರಿ ಗದ್ದೆ ಒಂದಿಷ್ಟು, ಅಮೆರಿಕದಲ್ಲಿ ಮಗನೊಬ್ಬ, ಇಷ್ಟು ಸಂಪತ್ತಿಗೆ ಒಡೆಯರಾದ ಯಜಮಾನರನ್ನು ಕಾಣದೆ ಹಿಂದಿರುಗಿರಲಾರರು. ಊರಿಂದೂರಿಗೆ ಇವರ ಹೆಸರು ಬೇರೆಯಾದರೂ ಸ್ವಭಾವ ಒಂದೇ ಆದುದರಿಂದ, ಯಜಮಾನರೆಂದಷ್ಟೇ ಕರೆದರೆ ಯಾರಿಗೂ ಅನ್ಯಾಯವಾಗದು.

ಹಣವೆಂಬುದು ಒಬ್ಬನ ಹಸ್ತದಿಂದ ಹೊರಟು, ನಾಲ್ವರ ಸಮಕ್ಷಮದಲ್ಲಿ ಮತ್ತೊಬ್ಬನ ಹಸ್ತವನ್ನು ಸೇರಿ, ಮೊಹರಿನ ಸಾಕ್ಷ್ಯವನ್ನು ಪಡೆದ ಹೊರತು ಸಂದಾಯವಾಯಿತೆಂದು ಹೇಳತಕ್ಕದ್ದಲ್ಲವೆಂಬುದು ಇವರ ಸಿದ್ಧಾಂತ. ತಂಬಾಕು ಮಂಡಳಿಯು 1984ರಲ್ಲಿ ಕರ್ನಾಟಕದಲ್ಲಿ ಹರಾಜನ್ನು ಆರಂಭಿಸಿದ ಕಾಲವನ್ನು ಕಂಡ ಇವರಿಗೆ, ಕಟ್ಟೆಮಳಲವಾಡಿಯ ಹರಾಜಿನಲ್ಲಿ ಮಾರಿದ ಸೊಪ್ಪಿನ ಹಣ ತಾನಾಗಿಯೇ ಖಾತೆಗೆ ಜಮೆಯಾಗಿ ಮೊಬೈಲು ಸದ್ದು ಮಾಡಿದಾಗ, ಸಂತೋಷಕ್ಕಿಂತ ಸಂಶಯವೇ ಅಧಿಕ. ಮರುದಿನ ಇಸ್ತ್ರಿ ಮಾಡಿದ ಬಿಳಿಯ ಅಂಗಿ ತೊಟ್ಟು, ಪಾಸ್‌ಬುಕ್ಕನ್ನು ಕಂಕುಳಲ್ಲಿರಿಸಿಕೊಂಡು ‘ಮೈಸೂರು ಬ್ಯಾಂಕಿ’ಗೆ ದಯಮಾಡಿಸುವರು. 1913ರಲ್ಲಿ ಹುಟ್ಟಿದ ಆ ಬ್ಯಾಂಕು 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ಲೀನವಾಯಿತೆಂಬುದನ್ನು ಇವರು ಬಲ್ಲರು, ಒಪ್ಪರು. ಮ್ಯಾನೇಜರು “ಬನ್ನಿ ಯಜಮಾನ್ರೇ, ಕೂತ್ಕೊಳಿ” ಎಂದು ಕಾಫಿ ತರಿಸಬೇಕು. ಗುಮಾಸ್ತೆ ಚಲನ್ನಿನ ಅರ್ಧಭಾಗಕ್ಕೆ ಮೊಹರನ್ನು ಸದ್ದಾಗುವಂತೆ ಒತ್ತಬೇಕು. ಆ ಅರ್ಧಭಾಗಗಳೆಲ್ಲ ಮನೆಯ ತಂತಿಗೆ ಚುಚ್ಚಿಸಿಕೊಂಡು, ಅವರ ಮದುವೆಗೂ ಹಿಂದಿನವು ಮೊದಲ್ಗೊಂಡು, ಇಂದಿಗೂ ತೂಗಾಡುತ್ತಿವೆ.

ಇಂಥವರಿಗೆ ನ್ಯೂಜೆರ್ಸಿಯ ಮಗನು, ಮನೆ ಕೊಳ್ಳುವೆನೆಂದೂ ಮುಂಗಡಕ್ಕೆ ಸ್ವಲ್ಪ ನೆರವು ಬೇಕೆಂದೂ ತಿಳಿಸಿದನು. ಮೈಸೂರಿನ ನಿವೇಶನವೊಂದನ್ನು ಮಾರಿದ 40 ಲಕ್ಷ ರೂಪಾಯಿ ಸಿದ್ಧವಿದ್ದಿತು. ಚೆಕ್ ಬರೆದು ಜೇಬಿನಲ್ಲಿಟ್ಟುಕೊಂಡು ಹೋಗಿ ಮಗನ ಖಾತೆಗೆ ಸ್ವಹಸ್ತದಿಂದ ಕಟ್ಟಿಬರುವೆನೆಂದು ಇವರು ಹೊರಟಾಗ, ರೂಪಾಯಿಯ ಚೆಕ್ಕು ನಮ್ಮ ದೇಶದ ಕ್ಲಿಯರಿಂಗಿನ ಆಚೆ ನಡೆಯದೆಂದೂ, ಇಲ್ಲಿಯೂ ಈಗ ಚೆಕ್ಕಿನ ಚಿತ್ರ ಪ್ರಯಾಣ ಮಾಡುವುದಲ್ಲದೆ ಚೆಕ್ಕು ಮಾಡುವುದಿಲ್ಲವೆಂದೂ ಮ್ಯಾನೇಜರು ಅರಿಕೆ ಮಾಡಿದರು. ರಿಸರ್ವ್ ಬ್ಯಾಂಕಿನ ಯೋಜನೆಯಂತೆ ವರ್ಷಕ್ಕೆ ತಲಾ 2,50,000 ಡಾಲರಿನವರೆಗೆ ಹೊರದೇಶಕ್ಕೆ ಕಳುಹಿಸಬಹುದು. ಪ್ಯಾನ್ ಬೇಕು, ಎ2 ಎಂಬ ಫಾರಂ ಬೇಕು. ಅಲ್ಲದೆ ಇಂಥ ಉಡುಗೊರೆಯಲ್ಲಿ 10 ಲಕ್ಷ ರೂಪಾಯಿ ಮೀರಿದ ಭಾಗಕ್ಕೆ ಶೇಕಡಾ 20ರಷ್ಟನ್ನು ಸರ್ಕಾರದ ಲೆಕ್ಕಕ್ಕೆ ಮೊದಲೇ ವಸೂಲು ಮಾಡುವರು, ಅದನ್ನು ಆಮೇಲೆ ತೆರಿಗೆಯಲ್ಲಿ ಮುರಿದುಕೊಳ್ಳಬಹುದು ಅಥವಾ ಹಿಂದಕ್ಕೆ ಪಡೆಯಬಹುದು. ಲೆಕ್ಕ ಹಾಕಿದರೆ 6 ಲಕ್ಷ! “ನನ್ ಮಗನಿಗೆ ನಾನು ಕೊಡಾದಕ್ಕೆ ಡೆಲ್ಲಿಯವರ ಹತ್ರ ಅಡ ಇಡ್ಬೇಕಾ?” ಎಂದು ಯಜಮಾನರು ಗುಡುಗಿ, ಕಾಫಿಯನ್ನು ಅರ್ಧಕ್ಕೇ ಬಿಟ್ಟು, ಬಾಗಿಲವರೆಗೆ ಹೋಗಿ, ಹಿಂದಿರುಗಿ ಬಂದು ಅದನ್ನು ಮುಗಿಸಿದರು.

ಬ್ಯಾಂಕಿನಿಂದ ಬ್ಯಾಂಕಿಗೆ ತಂತಿಯ ಮೂಲಕ ಕಳುಹಿಸಿದರೆ ಒಂದೆರಡು ದಿನದ ಕೆಲಸವೆಂಬ ಸಲಹೆಯು ಇವರಿಗೆ ಪಥ್ಯವಾಗಲಿಲ್ಲ, ಏಕೆಂದರೆ ತಂತಿಯಲ್ಲಿ ಹೋದ ಹಣವನ್ನು ಬೀಗರಿಗೆ ತೋರಿಸಲಾಗದು. ಕೊನೆಗೆ ನ್ಯೂಯಾರ್ಕಿನಲ್ಲಿ ಪಾವತಿಯಾಗತಕ್ಕ ಡಾಲರ್ ಡ್ರಾಫ್ಟನ್ನೇ ಮಾಡಿಸಿದರು. ಕೃಷ್ಣರಾಜನಗರದ ಬೀಗರು ಅದನ್ನು ಎರಡು ಕೈಯಿಂದ ಹಿಡಿದು ನೋಡಿದರು. ಹೆಗ್ಗಡದೇವನಕೋಟೆಯ ಭಾವಮೈದುನರು ಕನ್ನಡಕ ತರಿಸಿಕೊಂಡು ನೋಡಿದರು. ಬಳಿಕ ಅದು, ಮನೆಯಾಕೆ ಬನಿಯನ್ನಿಗೆ ಹೊಲಿದುಕೊಟ್ಟ ಒಳಜೇಬನ್ನು ಸೇರಿತು. ವಿಮಾನದಲ್ಲಿ ಇಡೀ ರಾತ್ರಿ ಎದೆಯ ಮೇಲೆ ಕೈಯಿಟ್ಟುಕೊಂಡು ಕುಳಿತ ಇವರನ್ನು ಗಗನಸಖಿಯು ಎದೆನೋವಿನವರೆಂದು ತಿಳಿದು, ವಿಮಾನದಲ್ಲಿ ವೈದ್ಯರಿದ್ದಾರೆಯೇ ಎಂದು ವಿಚಾರಿಸಿದಳಂತೆ.

ಅಲ್ಲಿ ಮಗನು, “ಅಪ್ಪಾ, ಫೋನಲ್ಲಿ ಫೋಟೋ ತೆಗೆದು ಕಳ್ಸಿದ್ರೆ ಸಾಕು” ಎಂದಾಗ ಯಜಮಾನರ ಮುಖ ಕಪ್ಪಿಟ್ಟಿತು. ಪುಣ್ಯವಶಾತ್ ಆ ಮೊತ್ತವು ಫೋಟೋದ ಮೂಲಕ ಕಟ್ಟಬಹುದಾದ ಮಿತಿಯನ್ನು ಮೀರಿದ್ದರಿಂದ ಬ್ಯಾಂಕಿಗೇ ಹೋಗಬೇಕಾಯಿತು. ಬ್ಯಾಂಕಿನಲ್ಲಿ ಎದ್ದು ನಿಂತವರಿಲ್ಲ. ಕಾಫಿಯ ಯಂತ್ರವೊಂದು ಮೂಲೆಯಲ್ಲಿದ್ದುದು ನಿಜ. ಆದರೆ ತಾವೇ ಬಸಿದುಕೊಳ್ಳಬೇಕಾದ ಕಾಫಿಯನ್ನು ಮರ್ಯಾದೆಯ ಕಾಫಿಯೆಂದು ಗಣಿಸಲು ಯಾವ ಶಾಸ್ತ್ರದಲ್ಲಿಯೂ ಆಧಾರವಿಲ್ಲ. ಕೌಂಟರಿನ ಹುಡುಗಿ ಡ್ರಾಫ್ಟನ್ನು ಬೆಳಕಿಗೆ ಹಿಡಿದು, ಒಂದೇ ದಿನ ಕಟ್ಟಿದ್ದು 6,725 ಡಾಲರನ್ನು ಮೀರಿದರೆ ಮೀರಿದ ಭಾಗವನ್ನು ಇನ್ನೂ ಕೆಲವು ದಿನ ತಡೆಹಿಡಿಯಲು ತಮ್ಮ ದೇಶದ ನಿಯಮ ಅವಕಾಶ ಕೊಡುವುದೆಂದು ನಗುನಗುತ್ತ ಹೇಳಿದಳು. ನಾಲ್ಕು ತಾಲ್ಲೂಕುಗಳಲ್ಲಿ ತಮ್ಮ ಕಾಗದವನ್ನು ತಡೆದವರಿಲ್ಲವೆಂಬುದನ್ನು ಆಕೆಗೆ ತಿಳಿಸುವಂತೆ ಯಜಮಾನರು ಆಜ್ಞಾಪಿಸಿದರು. ಮಗನು ಏನನ್ನು ತಿಳಿಸಿದನೋ ಬಲ್ಲವರಿಲ್ಲ. ಆಕೆ “ಥ್ಯಾಂಕ್ ಯೂ” ಎಂದಳು.

ಆಮೇಲೆ ಯಂತ್ರದಿಂದ ಬೆರಳಗಲದ ತೆಳುಕಾಗದವೊಂದು ಹೊರಬಂದಿತು. ಮೊಹರಿಲ್ಲ! ಯಜಮಾನರು ಕೌಂಟರನ್ನು ಬಿಟ್ಟು ಕದಲಲಿಲ್ಲ. ಹಿಂದೆ ಸಾಲು ಬೆಳೆಯಿತು, ಮಗನು ನೆಲ ನೋಡಿದನು, ಹುಡುಗಿ ಸೆಳೆಖಾನೆಗಳನ್ನೆಲ್ಲ ತಡಕಿ, ಲಕೋಟೆಗಳಿಗೆ ಒತ್ತುವ ವಿಳಾಸದ ಮೊಹರೊಂದನ್ನು ಪತ್ತೆಹಚ್ಚಿ ಒತ್ತಿದಳು. “ಇನ್ನೊಂದ್ಸಲ ಗಟ್ಟಿಯಾಗಿ ಒತ್ತಮ್ಮ” ಎಂದ ಕನ್ನಡವು ಆಕೆಗೆ ಅನುವಾದವಿಲ್ಲದೆಯೇ ಅರ್ಥವಾಯಿತು.

ಶಾಖಕ್ಕೆ ಅಕ್ಷರ ಮೂಡುವ ಅಂಥ ಕಾಗದದ ಮೇಲಿನ ಬರಹವು ಬಿಸಿಲಿಗೆ ಬಹುಕಾಲ ನಿಲ್ಲುವುದಿಲ್ಲ. ಹುಣಸೂರಿನ ಒಂದು ಬೇಸಗೆ ಕಳೆಯುವಷ್ಟರಲ್ಲಿ ಖಾತೆಯ ಅಂಕೆ, ತಾರೀಖು, ಡಾಲರುಗಳು ಎಲ್ಲವೂ ಅಳಿಸಿಹೋಗಿ, ನೀಲಿಯ ಮೊಹರೊಂದೇ ಉಳಿಯಿತು. “ಕಂಪ್ಯೂಟ್ರು ಬರ್ದದ್ದು ಹೋಯ್ತು, ನಾನು ಹಾಕ್ಸಿದ್ದು ನಿಂತದೆ ನೋಡಿ” ಎಂದು ಬಂದವರಿಗೆಲ್ಲ ಯಜಮಾನರು ತಂತಿಯಿಂದ ಬಿಚ್ಚಿ ತೋರಿಸುವರು.

ಈಗ ಮೆಲ್ಬರ್ನಿನ ಕಿರಿಯ ಮಗನೂ ಮನೆ ನೋಡುತ್ತಿದ್ದಾನೆ. ಆಸ್ಟ್ರೇಲಿಯಾದಲ್ಲಿ 2028ರ ಜೂನ್ 30ರ ಬಳಿಕ ಚೆಕ್ಕನ್ನು ಕೊಡುವುದಿಲ್ಲವೆಂದೂ, 2029ರ ಸೆಪ್ಟೆಂಬರ್ 30ರ ಬಳಿಕ ತೆಗೆದುಕೊಳ್ಳುವುದೂ ಇಲ್ಲವೆಂದೂ, ಆದುದರಿಂದ ಅಪ್ಪನವರು ಶ್ರಮ ಪಡದೆ ತಂತಿಯಲ್ಲಿಯೇ ಕಳುಹಿಸತಕ್ಕದ್ದೆಂದೂ ಅವನು ಮುಂಜಾಗ್ರತೆಯಿಂದ ತಿಳಿಸಿದ್ದಾನೆ. ಯಜಮಾನರು ಪತ್ರವನ್ನು ಎರಡು ಸಲ ಓದಿಸಿ ಕೇಳಿ, ಒಡನೆಯೇ ಪಾಸ್‌ಪೋರ್ಟಿನ ಅವಧಿಯನ್ನು ನೋಡಲು ಹೇಳಿದರು.