ಛತ್ರಿಯ ಅಂತರ: ಬಸವನಗುಡಿಯ ಗಣ್ಯದರ್ಶನ ಕುರಿತು ಒಂದು ಶಾಸ್ತ್ರವಿಚಾರ

ಷಡ್ದರ್ಶನಗಳ ಮೇಲೆ ನಮ್ಮ ಹಿರಿಯರು ಬೇಕಾದಷ್ಟು ಭಾಷ್ಯ ಬರೆದಿಟ್ಟಿದ್ದಾರೆ. ಏಳನೆಯದಾದ ಗಣ್ಯದರ್ಶನವನ್ನು ಮಾತ್ರ ಯಾರೂ ಮುಟ್ಟಿಲ್ಲ. ದೊಡ್ಡವರೊಬ್ಬರು ಅವರೆಕಾಯಿ ಆರಿಸುವಾಗಲೋ ದೋಸೆ ಮುರಿಯುವಾಗಲೋ ಸಾಮಾನ್ಯನ ಕಣ್ಣಿಗೆ ಬಿದ್ದು, ಅಂದಿನಿಂದ ಅವನು ಸಾಮಾನ್ಯನಾಗಿ ಉಳಿಯದೆ ಹೋಗುವುದೇ ಗಣ್ಯದರ್ಶನದ ಲಕ್ಷಣ. ಕ್ಷೇತ್ರ ಬೆಂಗಳೂರು, ಅದರಲ್ಲೂ ಬಸವನಗುಡಿ. ಸದಾಶಿವನಗರದಲ್ಲಿ ಗಣ್ಯರು ಹೆಚ್ಚು, ನಿಜ. ಆದರೆ ಅಲ್ಲಿ ಅವರು ಕಾರಿನ ಕಪ್ಪು ಗಾಜಿನ ಹಿಂದಿರುವುದರಿಂದ ನಮಗೆ ದಕ್ಕುವುದು ಅನುಮಾನ, ಪ್ರತ್ಯಕ್ಷವಲ್ಲ.

ನನ್ನ ಮುಖ್ಯ ಆಕರ ಸೋದರಮಾವ. ಮಾಸ್ತಿ ವೆಂಕಟೇಶ ಅಯ್ಯಂಗಾರರು ಗವಿಪುರದ ಮನೆಯಿಂದ ಕೋಟು, ಪೇಟ, ಛತ್ರಿ ಸಮೇತ ಬಸವನಗುಡಿಯ ಕ್ಲಬ್ಬಿಗೆ ಇಸ್ಪೀಟಾಡಲು ನಡೆದುಹೋಗುತ್ತಿದ್ದುದು ಊರಿಗೇ ಗೊತ್ತು. ಮಾವ ಕಂಡದ್ದೂ ಅದನ್ನೇ. ಈ ದರ್ಶನದ ನಾಲ್ಕು ಪಾಠಾಂತರಗಳು ನಮ್ಮ ಮನೆಯಲ್ಲಿ ಲಭ್ಯವಿವೆ. ನನ್ನ ಉಪನಯನದ ದಿನ ಕೇಳಿಬಂದ ಪ್ರಾಚೀನ ಪಾಠದಲ್ಲಿ ಮಾಸ್ತಿ ರಸ್ತೆಯ ಆಚೆ ಬದಿ, ಮಾವ ಈಚೆ ಬದಿ, ನಡುವೆ ಒಂದು ಬಸ್ಸು. ಎರಡನೆಯದರಲ್ಲಿ ಬಸ್ಸು ಲೋಪವಾಗಿದೆ. ಮೂರನೆಯದರಲ್ಲಿ ಮಾಸ್ತಿ ನಿಂತು ಮಾವನ ಯೋಗಕ್ಷೇಮ ವಿಚಾರಿಸುತ್ತಾರೆ. ಕಳೆದ ಗೌರಿ ಹಬ್ಬದ ಪಾಠದಲ್ಲಿ ಜೋರು ಮಳೆ. ಮಾವ ಛತ್ರಿಯ ಕೆಳಗೇ ಇದ್ದಾರೆ. 1988ರ ಜೂನ್ ಎಂದು ತಾರೀಖೂ ಸೇರಿಕೊಂಡಿದೆ.

ಮಾಸ್ತಿಯವರು ತೀರಿಕೊಂಡದ್ದು 1986ರ ಜೂನ್ 6ರಂದು, ತಮ್ಮ ಹುಟ್ಟಿದ ದಿನವೇ, ಎಂದು ನಾನು ಆಕ್ಷೇಪ ಎತ್ತಿದೆ. ಮಾವ ಒಬ್ಬಟ್ಟಿಗೆ ತುಪ್ಪ ಬಡಿಸಿಕೊಳ್ಳುತ್ತ, "ತಾರೀಖು ತಪ್ಪಿರಬಹುದು ಕಣೋ, ಛತ್ರಿ ತಪ್ಪಿಲ್ಲ" ಎಂದರು. ಅಡುಗೆಮನೆಯಿಂದ ಅತ್ತೆ, "ಅದಿರಲಿ, ಜ್ಞಾನಪೀಠ ಬಂತಲ್ಲ, ಆ ಚಿಕವೀರ ರಾಜೇಂದ್ರ, ಅದನ್ನ ಓದಿದಾರಾ ಕೇಳು" ಎಂದರು. ಅದು ಪ್ರಸ್ತುತ ಪ್ರಬಂಧದ ವ್ಯಾಪ್ತಿಗೆ ಬರುವುದಿಲ್ಲ.

ಇಲ್ಲಿಂದ ಹೊರಡುವ ಸೂತ್ರ: ವರ್ಷ ಏರಿದಂತೆ ಗಜ ಇಳಿಯುತ್ತದೆ. ಇಳಿದು ಇಳಿದು ಸೊನ್ನೆಯಲ್ಲೇ ನಿಲ್ಲುತ್ತದೆಂದೂ ಇಲ್ಲ. 'ಆಟೋ ರಾಜ' ಬಂದದ್ದು 1980ರಲ್ಲಿ. ಶಂಕರ್ ನಾಗ್ ಹೋದದ್ದು 1990ರಲ್ಲಿ. ಅವರು ಹೋದಮೇಲೆ ಹುಟ್ಟಿದ ಹುಡುಗನೊಬ್ಬ ಆಟೋದ ಬೆನ್ನಿಗೆ ಅವರ ಚಿತ್ರ ಅಂಟಿಸಿ "ನಮ್ಮ ಶಂಕ್ರಣ್ಣ" ಎನ್ನುತ್ತಾನೆ. ಕಾಣದೆಯೂ ಅಂತರ ಸೊನ್ನೆ ದಾಟಿ ರಕ್ತಸಂಬಂಧಕ್ಕೆ ಇಳಿದಿದೆ. (ಮೀಟರ್ ಹಾಕುವುದಿಲ್ಲ, ಆ ಮಾತು ಬೇರೆ.) ಡಾ. ರಾಜ್‌ಕುಮಾರ್ ಅಭಿಮಾನಿಗಳನ್ನೇ ದೇವರೆಂದು ಕರೆದು ಶಾಸ್ತ್ರಕ್ಕೆ ದೊಡ್ಡ ತೊಡಕು ತಂದಿಟ್ಟರು. ಹಾಗಾದರೆ ದರ್ಶನ ಕೊಟ್ಟವರು ಯಾರು, ಪಡೆದವರು ಯಾರು? ದ್ವೈತಿಗಳೂ ಅದ್ವೈತಿಗಳೂ ಕೂತು ಬಗೆಹರಿಸಿಕೊಳ್ಳಲಿ.

ಸೆಲ್ಫಿ ಇರುವಾಗ ಪಾಠಾಂತರಕ್ಕೆ ಎಡೆಯೆಲ್ಲಿ ಎಂಬುದು ಪೂರ್ವಪಕ್ಷ. ಉತ್ತರ ಸುಲಭ: ಸೆಲ್ಫಿ ವಂಧ್ಯೆ. ಅದರಲ್ಲಿ ಅಂತರ ಮೊದಲ ದಿನವೇ ಮುಗಿದುಹೋಗಿ, ಆಮೇಲೆ ಬೆಳೆಯಲು ಏನೂ ಉಳಿಯುವುದಿಲ್ಲ. ಆದ್ದರಿಂದಲೇ ಪಳಗಿದ ಬಸವನಗುಡಿಯವನು ಗಣ್ಯರನ್ನು ಕಂಡೊಡನೆ ಕಾಣದವನಂತೆ ಚಟ್ನಿಯನ್ನು ದಿಟ್ಟಿಸುತ್ತಾನೆ.

ಸ್ವಾನುಭವವೂ ಒಂದು ಪ್ರಮಾಣವೇ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನ 1943ರದ್ದು, ಶುಕ್ರವಾರ ರಜೆ. ಗೋಡೆಯ ಮೇಲೆ ಸಾಹಿತಿಗಳ ಚಿತ್ರಗಳು, ಕೆಳಗೆ ಪರಿಚಯವಿಲ್ಲದವರು ಒಂದೇ ಮೇಜಿಗೆ ಕೂತು ದೋಸೆ ತಿನ್ನುವ ಪದ್ಧತಿ. ಗಣ್ಯದರ್ಶನಕ್ಕೆ ಇದಕ್ಕಿಂತ ಒಳ್ಳೆಯ ಪ್ರಯೋಗಶಾಲೆ ಇಲ್ಲ. ಒಂದು ಭಾನುವಾರ ಬೆಳಿಗ್ಗೆ, ಸಪ್ಲಯರ್ ತೋಳಿನುದ್ದ ತಟ್ಟೆ ಪೇರಿಸಿಕೊಂಡು ಬರುವ ಹೊತ್ತಿಗೆ, ನನ್ನ ಎದುರು ಒಬ್ಬ ಪ್ರಸಿದ್ಧ ಕ್ರಿಕೆಟಿಗರು ಬಂದು ಕೂತರು. ಹೆಸರು ಹೇಳುವುದಿಲ್ಲ; ಹೇಳಿದರೆ ಶಾಸ್ತ್ರ ಹೋಗಿ ಜಂಭವಾಗುತ್ತದೆ. ನಾನು ಚಟ್ನಿ ದಿಟ್ಟಿಸಿದೆ. ಅವರು ನೀರಿನ ಜಗ್ಗಿಗೆ ಕೈ ಚಾಚಿದರು, ನಾನು ಮುಂದಕ್ಕೆ ಸರಿಸಿದೆ. ಅಷ್ಟೇ.

ಅವರು ಕೂತಿದ್ದು ಎರಡು ಮೇಜಿನಾಚೆ ಎಂದು ನನ್ನ ಹೆಂಡತಿ ಹೇಳುತ್ತಾಳೆ.