ಇನ್ನೂ ರೆಡಿಯಾಗಿಲ್ಲ

ನಮ್ಮ ಷಡ್ಡಕರಿಗೆ ವಿಡಿಯೋ ಗೇಮ್ ಎಂದರೆ ಪ್ರಾಣ. ಆಡಿದ್ದನ್ನು ಮಾತ್ರ ಯಾರೂ ಕಂಡಿಲ್ಲ.

ಅವರ ಫೋನಿನಲ್ಲಿರುವುದು ಪಿಪಿಎಸ್‌ಎಸ್‌ಪಿಪಿ, ಪಿಎಸ್‌ಪಿ ಎಂಬ ಅಂಗೈ ಗೇಮ್ ಯಂತ್ರದ ಆಟಗಳನ್ನು ಫೋನಿನಲ್ಲೇ ಆಡಿಸುವ, 2012ರಲ್ಲಿ ಹುಟ್ಟಿದ ಎಮ್ಯುಲೇಟರ್. ಕೆಲವು ಎಮ್ಯುಲೇಟರ್‌ಗಳಂತೆ ಇದು ಬಯೋಸ್ ಫೈಲು ತಾ ಎಂದು ಪೀಡಿಸುವುದಿಲ್ಲ. ಆಟದ ಫೈಲೊಂದಿದ್ದರೆ ಆಯಿತು, ಒತ್ತಿ ಆಡಬಹುದು. ಷಡ್ಡಕರಿಗೆ ಈ ಸಲೀಸೇ ಆಗಿಬರುವುದಿಲ್ಲ.

ಎಲ್ಲಿಂದಲೋ ಫೈಲು ಇಳಿಸಿಕೊಳ್ಳುವವರಲ್ಲ, ಆ ಮಟ್ಟಿಗೆ ಪ್ರಾಮಾಣಿಕರು. ಬೀರುವಿನಲ್ಲಿ ಸ್ವಂತದ ಹಳೇ ಪಿಎಸ್‌ಪಿಯೂ ಅಂಗೈಯಗಲದ ಯುಎಂಡಿ ಡಿಸ್ಕ್‌ಗಳೂ ಇವೆ. ಡಿಸ್ಕ್ ತೂರಿಸಿ, ಕಸ್ಟಮ್ ಫರ್ಮ್‌ವೇರಿನ ಮೆನುವಿನಲ್ಲಿ ಯುಎಸ್‌ಬಿಯನ್ನು ಯುಎಂಡಿಗೆ ತಿರುಗಿಸಿ ಲ್ಯಾಪ್‌ಟಾಪಿಗೆ ಕೇಬಲ್ ಸಿಕ್ಕಿಸಿದರೆ, ಇಡೀ ಆಟ ಒಂದು ಐಎಸ್‌ಒ ಫೈಲಾಗಿ ಕಾಣುತ್ತದೆ. ಕಾಪಿ ಮಾಡಿಕೊಂಡರೆ ಮುಗಿಯಿತು.

ಮುಗಿದರೆ ಹೇಗೆ? ಡಿಸ್ಕಿನಲ್ಲಿ ಹಿಡಿಸುವುದೇ ಹೆಚ್ಚೆಂದರೆ 1.8 ಜಿಬಿ. ಎಸ್.ಪಿ. ರೋಡಿನಿಂದ ತಂದ ಮೆಮೊರಿ ಕಾರ್ಡು 512 ಜಿಬಿಯದು, ಮುಕ್ಕಾಲು ಖಾಲಿ. ಆದರೂ ಫೈಲನ್ನು ಸಿಎಸ್‌ಒ ಎಂಬ ಕಿರುರೂಪಕ್ಕೆ ಹಿಂಡಲೇಬೇಕು, ಅದೂ ಲೆವೆಲ್ 9ರಲ್ಲಿ. ಆಮೇಲೆ ನಾಮಕರಣ. 2008ರ 'ಗಾಡ್ ಆಫ್ ವಾರ್: ಚೈನ್ಸ್ ಆಫ್ ಒಲಿಂಪಸ್' ಹೆಸರಿನ ನಡುವೆ ಕೋಲನ್ ಇದೆಯಲ್ಲ, ವಿಂಡೋಸ್ ಅದನ್ನು ಒಪ್ಪುವುದಿಲ್ಲ. ಆ ಜಾಗಕ್ಕೆ ಹೈಫನ್ನೋ ಅಂಡರ್‌ಸ್ಕೋರೋ ಎಂಬ ಜಿಜ್ಞಾಸೆಯಲ್ಲಿ ಒಂದಿಡೀ ಭಾನುವಾರ ಹೋಯಿತು. ನಾದಿನಿ ಎರಡು ಸಲ ಊಟಕ್ಕೆ ಕರೆದು ಸುಮ್ಮನಾದಳು.

ಕೊನೆಗೆ ಪರೀಕ್ಷೆ. ಆಟ ತೆರೆದುಕೊಂಡು ಕಂಪನಿಯ ಲೋಗೋ ಮಿಂಚುತ್ತಲೇ ಷಡ್ಡಕರು "ವರ್ಕಿಂಗ್" ಎಂದು ಉದ್ಗರಿಸಿ, ಎಕ್ಸಿಟ್ ಒತ್ತಿ, ಎಕ್ಸೆಲ್ ಶೀಟಿನ ಆ ಸಾಲಿಗೆ ಹಸಿರು ಬಳಿಯುತ್ತಾರೆ. ಪಾಪ, 'ಗಾಡ್ ಆಫ್ ವಾರ್'ನ ನಾಯಕ ಕ್ರೇಟೋಸ್ ಅವರ ಮನೆಯಲ್ಲಿ ಒಮ್ಮೆಯೂ ಕತ್ತಿ ಎತ್ತಿಲ್ಲ.

"ಅಪ್ಪಾ, ಒಂದ್ಸಲ ಕೊಡಪ್ಪ."

"ಇರೋ ಮರಿ, ಕವರ್ ಫೋಟೋ ಇನ್ನೂ ಸೆಟ್ ಆಗಿಲ್ಲ."

ಶೀಟೆಲ್ಲ ಹಸಿರಾಗಿ, ಇನ್ನು ಆಡದೆ ಬೇರೆ ದಾರಿಯಿಲ್ಲ ಎನ್ನುವ ಇಕ್ಕಟ್ಟಿನಲ್ಲಿ ದೇವರು ಕಣ್ಣುಬಿಟ್ಟ. 2024ರಲ್ಲಿ ಪಿಪಿಎಸ್‌ಎಸ್‌ಪಿಪಿ ಸಿಎಚ್‌ಡಿ ಎಂಬ ಇನ್ನೊಂದು ಬಗೆಯ ಹಿಂಡಿದ ಫೈಲುಗಳನ್ನೂ ಓದತೊಡಗಿತು! ಅದಕ್ಕೆ ಸಿಎಸ್‌ಒಗಳನ್ನೆಲ್ಲ ಬಿಚ್ಚಿ ಐಎಸ್‌ಒ ಮಾಡಿ ಮತ್ತೆ ಹಿಂಡಬೇಕು. ಬಿಚ್ಚಿದರೆ ಒಂದು ಬಿಟ್ಟೂ ಆಚೀಚೆ ಆಗುವುದಿಲ್ಲ ಎಂದು ಗೊತ್ತಿದ್ದೂ ಅವರಿಗೆ ಸಮಾಧಾನವಿಲ್ಲ. ಮೂಲ ಡಿಸ್ಕಿನಿಂದಲೇ ಹೊಸದಾಗಿ ತೆಗೆಯೋಣವೆಂದು ಬೀರು ತೆರೆದರೆ ಪಿಎಸ್‌ಪಿ ಇಲ್ಲ. ಮಗ ಮಹಡಿ ಮೆಟ್ಟಿಲ ಮೇಲೆ ಕೂತು ಆಡುತ್ತಿದ್ದ.

"ಅಪ್ಪಾ, ಇದೇ ಲಾಸ್ಟ್ ಫೈಟು!"

"ಅದೆಲ್ಲ ಆಮೇಲೆ. ಮೊದ್ಲು ಡಿಸ್ಕ್ ತೆಗ್ದು ಕೊಡು."