ಮುಂದಿನ ಸೀಟಿನ ವೈರಣ್ಣ

ನಾಗಮಂಗಲದ ಕಡೆಯಿಂದ ಬೀಗರೂಟಕ್ಕೆ ಹೊರಡುವ ಬಾಡಿಗೆ ಗಾಡಿಯಲ್ಲಿ ಯಾರು ಎಲ್ಲಿ ಕೂರಬೇಕೆಂಬುದು ವಯಸ್ಸು, ಮಂಡಿನೋವು, ವಾಂತಿ ಮಾಡುವ ಮಕ್ಕಳ ಸಂಖ್ಯೆ ಇವನ್ನೆಲ್ಲ ಲೆಕ್ಕ ಹಾಕಿ ತೀರ್ಮಾನವಾಗುತ್ತದೆ. ಮುಂದಿನ ಸೀಟು ಮಾತ್ರ ಚರ್ಚೆಗೇ ಬರುವುದಿಲ್ಲ. ಅಲ್ಲಿ ಆಗಲೇ ಒಬ್ಬ ಕೂತಿರುತ್ತಾನೆ. ವೈರಿನ ಒಂದು ತುದಿ ಹಲ್ಲಲ್ಲಿ, ಇನ್ನೊಂದು ತುದಿ ಸೆಟ್ಟಿನ ತೂತಿನಲ್ಲಿ. ಹಿಂದಿನಿಂದ ಯಾರಾದರೂ "ಏನ್ಲಾ, ಹಾಡಿಲ್ವಾ?" ಎಂದರೆ ಹಲ್ಲು ಸಡಿಲಿಸದೆಯೇ "ವಸಿ ತಡೀರಣ್ಣ, ಈಗ ಬತ್ತದೆ" ಎನ್ನುತ್ತಾನೆ. ಮನೆಯವರು ಇಟ್ಟ ಹೆಸರು ಏನೇ ಇರಲಿ, ಇಲ್ಲಿ ಅವನನ್ನು ವೈರಣ್ಣ ಎನ್ನೋಣ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕುಗಳಲ್ಲಿ ಸಂಸಾರಕ್ಕೊಬ್ಬನಂತೆ ಇದ್ದಾನೆ. ಆಲೆಮನೆಯ ಲೆಕ್ಕ ಬರೆಯುವವನಿರಬಹುದು, ಸೊಸೈಟಿಯ ಗುಮಾಸ್ತನಿರಬಹುದು, ಬೆಂಗಳೂರಿನಿಂದ ರಜಕ್ಕೆ ಬಂದ ಇಂಜಿನಿಯರೂ ಇರಬಹುದು. ಗಾಡಿ ಅವನದಲ್ಲ, ಡೀಸೆಲ್ ದುಡ್ಡು ಅವನದಲ್ಲ, ಎಷ್ಟೋ ಸಲ ಬೀಗರೂ ಅವನ ಬೀಗರಲ್ಲ. ಸೆಟ್ಟಿನಿಂದ ಹೊರಡುವ ಸದ್ದು ಮಾತ್ರ ಅವನದು.

ಅವನಿಗೆ ಹಾಡಿನ ಹುಚ್ಚು ಎಂದು ಊರು ಒಪ್ಪಿಕೊಂಡುಬಿಟ್ಟಿದೆ. ಸಾಕ್ಷ್ಯ ನೋಡಿದರೆ ಹಾಗನ್ನಿಸುವುದಿಲ್ಲ. ಹುಚ್ಚಿರುವವನು ಒಂದು ಹಾಡನ್ನಾದರೂ ಪೂರ್ತಿ ಕೇಳಬೇಕಲ್ಲ. ವೈರಣ್ಣ ಪಲ್ಲವಿ ಮುಗಿದು ಮೊದಲ ಚರಣ ಎತ್ತಿಕೊಳ್ಳುವಷ್ಟರಲ್ಲಿ "ಇದ್ಕಿಂತ ಚೆನ್ನಾಗಿರೋದು ಒಂದದೆ" ಎಂದು ಮುಂದಕ್ಕೆ ಒತ್ತುತ್ತಾನೆ. ಗಾಡಿ ಕೆ.ಆರ್. ಪೇಟೆ ದಾಟಿ ಕಿಕ್ಕೇರಿಗೆ ಬಂದಾಗ, ಕೆ.ಎಸ್. ನರಸಿಂಹಸ್ವಾಮಿ 1915ರಲ್ಲಿ ಹುಟ್ಟಿದ ಊರು ಇದೇ ಎಂದು ಹಿಂದೆ ಕೂತ ಮೇಷ್ಟರೊಬ್ಬರಿಗೆ ನೆನಪಾಗಿ 'ಮೈಸೂರು ಮಲ್ಲಿಗೆ'ಯದೊಂದು ಹಾಡು ಕೇಳುತ್ತಾರೆನ್ನಿ. ವೈರಣ್ಣ ಬೇಡವೆನ್ನುವವನಲ್ಲ, ಸಂತೋಷವಾಗಿಯೇ ಹುಡುಕುತ್ತಾನೆ. ಹುಡುಕುತ್ತಲೇ ಇರುತ್ತಾನೆ. ಬ್ರಹ್ಮೇಶ್ವರನ ಗುಡಿ ಹಿಂದಾಗುತ್ತದೆ, ಊರೂ ಹಿಂದಾಗುತ್ತದೆ, ಶ್ರವಣಬೆಳಗೊಳದ ಬೆಟ್ಟ ಕಾಣಿಸುವ ಹೊತ್ತಿಗೆ ಕಿಕ್ಕೇರಿಯ ಕವಿಯ ಹಾಡು ಶುರುವಾಗುತ್ತದೆ, ಅಷ್ಟರಲ್ಲಿ ಮೇಷ್ಟರು ನಿದ್ದೆ ಹೋಗಿರುತ್ತಾರೆ. ನಿಜವಾದ ಹಾಡಿನ ಹುಚ್ಚನನ್ನು ನೋಡಬೇಕೆಂದರೆ ಕಾರ್ಖಾನೆಗೆ ಕಬ್ಬು ಸಾಗಿಸುವ ಟ್ರ್ಯಾಕ್ಟರಿನ ಹುಡುಗನನ್ನು ನೋಡಬೇಕು. ಸೀಟಿನ ಹಿಂದೆ ಎರಡು ಬಾಕ್ಸು ಕಟ್ಟಿ, ಮೆಮೊರಿ ಕಾರ್ಡು ಒಮ್ಮೆ ಸಿಕ್ಕಿಸಿದನೆಂದರೆ ಮುಗಿಯಿತು. ಎಂಜಿನ್ನಿನ ಅಬ್ಬರದಲ್ಲೂ ಒಂದೊಂದು ಹಾಡೂ ಪೂರ್ತಿ ಬರುತ್ತದೆ, ರಸ್ತೆಯ ಎರಡು ಬದಿಯ ಊರಿಗೂ ಬರುತ್ತದೆ. ಅವನ ಕೈ ಸ್ಟೀರಿಂಗ್ ಬಿಟ್ಟು ಸೆಟ್ಟಿನ ಕಡೆ ಹೋಗುವುದೇ ಇಲ್ಲ. ವೈರಣ್ಣನಿಗೆ ಈ ಹುಡುಗನನ್ನು ಕಂಡರೆ ತಾತ್ಸಾರ: "ಅವ್ನಿಗೆ ಸೌಂಡು ಗೊತ್ತಿಲ್ಲ ಬುಡಿ."

ಹಾಗಾದರೆ ವೈರಣ್ಣನ ಆಸ್ತಿ ಯಾವುದು? ಹಾಡು ಬರುವುದಕ್ಕೆ ಇರುವ ತೊಡಕೇ ಅವನ ಆಸ್ತಿ ಎಂಬುದು ನನ್ನ ವಾದ. ತಾಳಿ ಕಟ್ಟುವ ತನಕ ಪುರೋಹಿತರಿಗೆ ಇರುವ ಮರ್ಯಾದೆ ಊಟದ ಪಂಕ್ತಿಯಲ್ಲಿ ಇರುವುದಿಲ್ಲ. ಹಾಗೆಯೇ ಹಾಡು ಬಂದ ಮೇಲೆ ವೈರಣ್ಣನನ್ನು ಕೇಳುವವರಿಲ್ಲ. ತೊಡಕು ಎಷ್ಟು ಹೊತ್ತು ಉಳಿದರೆ ಅಷ್ಟು ಹೊತ್ತು ಅವನ ದೊಡ್ಡಸ್ತಿಕೆ. ಕಾರಿನ ಸೆಟ್ಟಿನ ಚರಿತ್ರೆಯೂ ಇದನ್ನೇ ಹೇಳುತ್ತದೆ. ಕ್ಯಾಸೆಟ್ಟಿನ ಕಾಲದಲ್ಲಿ ಅವನಿಗೆ ಜಾಗವೇ ಇರಲಿಲ್ಲ. 1987ರಲ್ಲಿ 'ಪ್ರೇಮಲೋಕ'ದ ಕ್ಯಾಸೆಟ್ಟು ಮನೆಮನೆಗೆ ಹೊಕ್ಕಾಗ ಗಾಡಿಯ ಚಾಲಕನೂ ಒಂದು ಇಟ್ಟುಕೊಂಡ. ಒಂದು ಕೈಯಲ್ಲಿ ತಳ್ಳಿದರೆ ಹಾಡು, ಇನ್ನೊಮ್ಮೆ ಒತ್ತಿದರೆ ಕ್ಯಾಸೆಟ್ಟು ಹೊರಗೆ. ನಡುವೆ ಮೂರನೆಯವನಿಗೆ ಕೆಲಸವಿಲ್ಲ. ರೀಲು ಸುತ್ತಿಕೊಂಡಾಗ ಪೆನ್ನು ತೂರಿಸಿ ಸರಿಮಾಡುವ ಸಣ್ಣ ಹುದ್ದೆಯೊಂದಿತ್ತು, ಅದನ್ನು ಚಿಕ್ಕ ಹುಡುಗರೇ ಮಾಡಿ ಮುಗಿಸುತ್ತಿದ್ದರು. ವೈರಣ್ಣನ ಅವತಾರವಾದದ್ದು ಹಾಡು ಸೆಟ್ಟನ್ನು ಬಿಟ್ಟು ಜೇಬಿಗೆ ಬಂದ ಮೇಲೆ. 1979ರಲ್ಲಿ ಸೋನಿಯ ವಾಕ್‌ಮನ್, 2001ರಲ್ಲಿ ಆ್ಯಪಲ್‌ನ ಐಪಾಡ್ ಬಂದವು ಎಂದು ಲೋಕ ಹೇಳಬಹುದು. ನಮ್ಮ ಕಡೆ ಲೆಕ್ಕಕ್ಕೆ ಬರುವುದು ಬೆಂಕಿಪೊಟ್ಟಣದಷ್ಟು ಚೈನಾ ಎಂಪಿತ್ರೀ ಪ್ಲೇಯರು, ಆಮೇಲೆ ಬಂದ ಮೊಬೈಲು, ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ಕಾರ್ಡಿಗೆ ಹಾಡು ತುಂಬಿಸಿಕೊಂಡು ಬರುವ ಪದ್ಧತಿ. ಹಾಡು ಜೇಬಿನಲ್ಲಿದೆ, ಸ್ಪೀಕರು ಬಾಗಿಲಿನಲ್ಲಿದೆ. ಈ ಒಂದು ಮೊಳದ ಅಂತರದಲ್ಲಿ ವೈರಣ್ಣ ಮನೆ ಕಟ್ಟಿಕೊಂಡ.

ಮೊದಮೊದಲು ಸುಳ್ಳು ಕ್ಯಾಸೆಟ್ಟು ಬಂತು. ಒಳಗೆ ರೀಲಿಲ್ಲದ, ಬಾಲದಂತೆ ವೈರು ಇಳಿಬಿಟ್ಟ ಕ್ಯಾಸೆಟ್ಟು. ಅದರೊಳಗಿನ ಪುಟ್ಟ ಹೆಡ್ಡು ಸೆಟ್ಟಿನ ಹೆಡ್ಡಿಗೆ ಮುಖ ಕೊಟ್ಟು, ಟೇಪೇ ಓಡುತ್ತಿದೆಯೆಂದು ಸೆಟ್ಟನ್ನು ನಂಬಿಸಬೇಕು. ಆಮೇಲೆ ಸಿಗರೇಟ್ ಲೈಟರಿನ ತೂತಿಗೆ ಸಿಕ್ಕಿಸುವ ಎಫ್‌ಎಂ ಮಾಡ್ಯುಲೇಟರು ಬಂತು. ಇದು ವೈರಣ್ಣನನ್ನು ನೇರವಾಗಿ ಪ್ರಸಾರ ಖಾತೆಗೇ ಸೇರಿಸಿತು. ಮೈಸೂರಿನಲ್ಲಿ ಪ್ರೊ. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಕೇಂದ್ರ ನಡೆಸಿದರು, 'ಆಕಾಶವಾಣಿ' ಎಂಬ ಹೆಸರನ್ನು ದೇಶಕ್ಕೆ ಕೊಟ್ಟದ್ದು ಆ ಕೇಂದ್ರವೇ. ಅದೇ ಸೀಮೆಯಲ್ಲಿ ವೈರಣ್ಣ ಹನ್ನೆರಡು ವೋಲ್ಟಿನ ತೂತಿನಿಂದ ಒಂದು ಕೇಂದ್ರ ನಡೆಸಿದ. ಅದರ ವ್ಯಾಪ್ತಿ ಹಿಂದಿನ ಸೀಟಿನ ತನಕ. ನಾಗಮಂಗಲದಲ್ಲಿ ಖಾಲಿಯಿದ್ದ ತರಂಗವೊಂದನ್ನು ಹಿಡಿದು ಹೊರಟರೆ ಪಾಂಡವಪುರದವರೆಗೆ ನಿರಾತಂಕ. ಶ್ರೀರಂಗಪಟ್ಟಣ ಹತ್ತಿರವಾದಂತೆ ಮೈಸೂರಿನ ಕೇಂದ್ರಗಳ ಕಸುವು ಏರುತ್ತದೆ. ಎಫ್‌ಎಂ ಸೆಟ್ಟಿನ ಸ್ವಭಾವ ಬಲಿಷ್ಠನ ಪಕ್ಷ ವಹಿಸುವುದು, ಬಡಪಾಯಿ ಮಾಡ್ಯುಲೇಟರನ್ನು ಅದು ಅಲ್ಲೇ ಕೈಬಿಡುತ್ತದೆ. ಯುಗಳಗೀತೆಯಲ್ಲಿ ನಾಯಕಿ ಉತ್ತರ ಕೊಡಬೇಕಾದ ಜಾಗದಲ್ಲಿ ರೇಷ್ಮೆ ಸೀರೆಯ ರಿಯಾಯಿತಿ ಪ್ರಕಟವಾಗುತ್ತದೆ. ಪೂರ್ಣಯ್ಯನ ಸೇತುವೆ, ಗಂಜಾಂ, ನಿಮಿಷಾಂಬ ಎಲ್ಲ ಕಳೆದರೂ ವೈರಣ್ಣ ತರಂಗ ಬದಲಿಸುತ್ತಲೇ ಇರುತ್ತಾನೆ. ಇದನ್ನು ಕಷ್ಟವೆಂದು ತಿಳಿದವರು ಅವನ ಮುಖ ನೋಡಿಲ್ಲ.

ಆದರೆ ಅವನ ಸುವರ್ಣಯುಗ ಆಕ್ಸ್ ವೈರಿನದು, ಅಂದರೆ ಎರಡು ತುದಿಗೂ ಮೂರೂವರೆ ಮಿಲಿಮೀಟರಿನ ಪಿನ್ನಿರುವ ವೈರು. ನೋಡಲು ಇದಕ್ಕಿಂತ ಸರಳ ಇನ್ನೊಂದಿಲ್ಲ, ಅದಕ್ಕೇ ವೈರಣ್ಣ ಇದರಲ್ಲಿ ಪಾಂಡಿತ್ಯ ಗಳಿಸಿದ. ಪಿನ್ನು ಅರ್ಧ ಕೂತು, ಎಡ ಬಲ ಎರಡಕ್ಕೂ ಸೇರಿದ ಅರ್ಥಿನ ಭಾಗ ಸಂಪರ್ಕ ಬಿಟ್ಟರೆ ಸ್ಪೀಕರಿಗೆ ಎಡ ಬಲಗಳ ವ್ಯತ್ಯಾಸವಷ್ಟೇ ಹೋಗುತ್ತದೆ. ಸ್ಟೀರಿಯೊ ಹಾಡಿನಲ್ಲಿ ಗಾಯಕನ ದನಿ ಎರಡೂ ಕಡೆ ಸಮನಾಗಿರುವುದರಿಂದ ಒಂದನ್ನೊಂದು ಹೊಡೆದುಹಾಕುತ್ತದೆ: ಎಸ್.ಪಿ. ಬಾಲಸುಬ್ರಹ್ಮಣ್ಯಂ ಮಾಯವಾಗಿ ತಬಲ, ಪಿಟೀಲು ಮಾತ್ರ ಉಳಿಯುತ್ತವೆ. ಪಿನ್ನನ್ನು ಎರಡು ಕೂದಲೆಳೆಯಷ್ಟು ತಿರುಗಿಸಿ ಬಾಲುವನ್ನು ವಾಪಸು ಕರೆತರಬಲ್ಲವನು ಗಾಡಿಯಲ್ಲಿ ಒಬ್ಬನೇ, ಕರೆತಂದ ಮೇಲೆ ತಲುಪುವವರೆಗೂ ಬೆರಳಿನಿಂದ ಅದುಮಿ ಹಿಡಿದು ಕೂರಬಲ್ಲವನೂ ಅವನೊಬ್ಬನೇ. ಇನ್ನು ಮೊಬೈಲನ್ನು ಅದೇ ಗಾಡಿಯ ಚಾರ್ಜರಿಗೂ ಹಾಕಿದರೆ, ಸದ್ದಿನ ದಾರಿಯೂ ಕರೆಂಟಿನ ದಾರಿಯೂ ಅರ್ಥಿನಲ್ಲಿ ಕೂಡಿಕೊಂಡು ಒಂದು ಸುತ್ತಾಗಿ, ಆಲ್ಟರ್ನೇಟರಿನ ನರಳಾಟ ಸ್ಪೀಕರಿಗೆ ಏರುತ್ತದೆ. ಆಕ್ಸಿಲರೇಟರ್ ಒತ್ತಿದಂತೆ 'ಕುಂಯ್' ಎಂಬ ಶ್ರುತಿ ಏರುತ್ತದೆ, ಬಿಟ್ಟರೆ ಇಳಿಯುತ್ತದೆ. ಚಾರ್ಜರು ಕಿತ್ತರೆ ಸದ್ದು ಹೋಗುತ್ತದೆ, ಜೊತೆಗೆ ಮೊಬೈಲಿನ ಆಯಸ್ಸೂ ಹೋಗುತ್ತದೆ. ಚಿನಕುರಳಿಯಿಂದ ಕೆ.ಆರ್. ಪೇಟೆಯವರೆಗೆ ಈ ಧರ್ಮಸಂಕಟದ ಮೇಲೆ ಇಡೀ ಗಾಡಿ ಎರಡು ಪಕ್ಷವಾದದ್ದುಂಟು.

ಪೆನ್‌ಡ್ರೈವ್ ಬಂದಾಗ ಅವನ ಕಥೆ ಮುಗಿಯಬೇಕಿತ್ತು: ಚುಚ್ಚಿದರೆ ಹಾಡು, ವೈರೂ ಇಲ್ಲ. ಮುಗಿಯಲಿಲ್ಲ. ಹಳೇ ಸೆಟ್ಟುಗಳು ಓದುವುದು ಫ್ಯಾಟ್32 ಎಂಬ ಕ್ರಮದಲ್ಲಿ ಫಾರ್ಮ್ಯಾಟ್ ಆದ ಡ್ರೈವನ್ನು ಮಾತ್ರ ಎಂಬುದನ್ನು ಅವನು ಕಂಡುಕೊಂಡ. ಬೇರೆಯವರ ಡ್ರೈವನ್ನು ಸೆಟ್ಟು ಒಪ್ಪದಾಗ ನ್ಯಾಯಾಧೀಶನ ಗತ್ತಿನಲ್ಲಿ ಹಿಂದಿರುಗಿಸುತ್ತಾನೆ. ಕೆಲವು ಸೆಟ್ಟು ಎಂಜಿನ್ ಆರಿಸಿ ಮತ್ತೆ ಹಚ್ಚಿದಾಗಲೆಲ್ಲ ಮೊದಲ ಹಾಡಿನಿಂದಲೇ ಶುರುಮಾಡುತ್ತವೆ. ಅಂಗಡಿಯವನು ವಾಡಿಕೆಯಂತೆ ಗಣಪತಿಯ ಹಾಡನ್ನೇ ಮೊದಲು ತುಂಬಿರುತ್ತಾನೆ. ಬೆಳ್ಳೂರು ಕ್ರಾಸಿನಲ್ಲಿ ಟೀ, ದಾರಿಯಲ್ಲಿ ಎಳನೀರು, ಚುಂಚನಗಿರಿಯಲ್ಲಿ ದರ್ಶನ ಎಂದು ಗಾಡಿ ನಿಂತಷ್ಟೂ ಸಲ ಗಣಪತಿಗೆ ಪೂಜೆ ಸಲ್ಲುತ್ತದೆ. ವಿಘ್ನ ನಿವಾರಣೆಯಾಯಿತೋ ಇಲ್ಲವೋ, ಎರಡನೇ ಹಾಡು ಯಾವುದೆಂದು ಇವತ್ತಿಗೂ ಯಾರಿಗೂ ಗೊತ್ತಿಲ್ಲ.

ಇಷ್ಟಕ್ಕೆ ವೈರಣ್ಣನ ಪರ ವಾದಿಸುವವರು ಸುಮ್ಮನಿರುವುದಿಲ್ಲ. ಅವರ ಮೊದಲ ಆಕ್ಷೇಪ: ಬ್ಲೂಟೂತ್ ಇರುವ ಗಾಡಿಯಲ್ಲೂ ಅವನು ವೈರು ಹೊರತೆಗೆಯುವುದು ತೊಡಕಿನ ಆಸೆಗಲ್ಲ, ಸದ್ದಿನ ಗುಣಕ್ಕಾಗಿ. ಬ್ಲೂಟೂತ್ ಸಾಮಾನ್ಯವಾಗಿ ಹಾಡನ್ನು ಹಿಂಡಿ ಕಳಿಸುತ್ತದೆ ಎಂಬುದು ಸುಳ್ಳೇನಲ್ಲ, ಹಿಂಡಿದಾಗ ಒಂದಿಷ್ಟು ಸೋರಿಹೋಗುವುದೂ ನಿಜ. ಆದರೆ ಸೋರುವುದಕ್ಕೆ ಅಲ್ಲಿ ಉಳಿದಿರುವುದೇನು? ಆ ಹಾಡು ಅಂಗಡಿಯ ಕಂಪ್ಯೂಟರಿಗೆ ಬರುವ ಮುಂಚೆಯೇ ಎಂಪಿತ್ರೀಯಾಗಿ ಹಿಂಡಿಹೋಗಿ, ನಾಲ್ಕು ಮೊಬೈಲು ಸುತ್ತಿ ಬಂದಿರುತ್ತದೆ. ಕಿಟಕಿ ತೆರೆದಿದೆ, ಎದುರಿನಿಂದ ಕಬ್ಬಿನ ಲಾರಿ ಬರುತ್ತಿದೆ, ಹಿಂದೆ ಒಂದು ಮಗು ಅಳುತ್ತಿದೆ, ಇನ್ನೊಂದು ಅದನ್ನು ಅಳಿಸುತ್ತಿದೆ. ಇದರ ನಡುವೆ "ಬ್ಲೂಟೂತಲ್ಲಿ ಬೇಸು ಬರಾಕಿಲ್ಲ" ಎಂದು ಕಂಡುಹಿಡಿಯುವ ಕಿವಿ ಇದ್ದರೆ, ಆ ಕಿವಿ ಪಲ್ಲವಿಗೇ ತೃಪ್ತಿಪಡುವುದು ಹೇಗೆ? ಎರಡನೆಯ ಆಕ್ಷೇಪ ಕಾನೂನಿನದು, ಇದಕ್ಕೆ ತೂಕ ಹೆಚ್ಚು. ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ಆದ ತಿದ್ದುಪಡಿಯ ಪ್ರಕಾರ 184ನೇ ಸೆಕ್ಷನ್ನಿನಲ್ಲಿ, ಓಡಿಸುವಾಗ ಕೈಯಲ್ಲಿ ಮೊಬೈಲು ಹಿಡಿದು ಬಳಸುವುದೂ ಅಪಾಯಕಾರಿ ಚಾಲನೆಗೆ ಸೇರಿದೆ. ಹಾಗಾಗಿ ಹಾಡು ಹಾಕಲು ಪಕ್ಕದಲ್ಲೊಬ್ಬ ಬೇಕೇ ಬೇಕು ಎನ್ನುತ್ತಾರೆ. ಒಪ್ಪಿದೆ. ಆದರೆ ಕಾನೂನು ಕೇಳುವುದು ಚಾಲಕನ ಗಮನ ರಸ್ತೆಯ ಮೇಲಿರಲಿ ಎಂದು. "ಅಣ್ಣ, ಎಡಗಡೆ ಸ್ಪೀಕರಲ್ಲಿ ಬತ್ತಾದಾ ನೋಡು" ಎಂದು ಮೇಲುಕೋಟೆಯ ಘಾಟಿನ ತಿರುವಿನಲ್ಲಿ ಚಾಲಕನ ಕಿವಿಯನ್ನು ಎಡಕ್ಕೆ ಬಾಗಿಸುವವನು ಕಾನೂನಿನ ಪಕ್ಷದವನೆನ್ನಲು ಸ್ವಲ್ಪ ಧೈರ್ಯ ಬೇಕು.

ಮೂರನೆಯ ಆಕ್ಷೇಪದ ಮುಂದೆ ಮಾತ್ರ ನಾನು ಅರ್ಧ ಸೋಲಬೇಕು. ತೊಡಕೇ ಇಲ್ಲದ ಜೋಡಣೆ ಬಂದರೆ ಏನಾಗುತ್ತದೆಂದು ಬ್ಲೂಟೂತ್ ತೋರಿಸಿಕೊಟ್ಟಿದೆ. ಒಮ್ಮೆ ಪರಿಚಯವಾದ ಮೊಬೈಲನ್ನು ಸೆಟ್ಟು ಮರೆಯುವುದಿಲ್ಲ. ಎಂಜಿನ್ ಹಚ್ಚಿದರೆ ತಾನಾಗಿ ಕೂಡಿಕೊಂಡು, ಹಿಂದಿನ ಸಲ ನಿಲ್ಲಿಸಿದಲ್ಲಿಂದಲೇ ಎಷ್ಟೋ ಸಲ ಹಾಡಲು ಶುರುಮಾಡುತ್ತದೆ. ನಿನ್ನೆ ಬೀಗರೂಟಕ್ಕೆ ಹೋಗಿದ್ದ ಗಾಡಿ ಇವತ್ತು ಪಶ್ಚಿಮವಾಹಿನಿಗೆ ಅಸ್ಥಿ ಬಿಡಲು ಹೊರಟಿರುತ್ತದೆ; ಕುಡಿಕೆಯನ್ನು ಮಡಿಲಲ್ಲಿಟ್ಟುಕೊಂಡು ಹಿರಿಮಗ ಕೂತಿದ್ದಾನೆ, ಕೀಲಿ ತಿರುಗಿದ್ದೇ ತಡ ಐಟಂ ಸಾಂಗು. ಸಾಲದ ಕಂತು ಕೇಳುವ ಫೋನೂ ಅಷ್ಟೇ, ಮಾವನ ಮನೆಯವರೆಲ್ಲ ಕೂತ ಗಾಡಿಯಲ್ಲಿ ನಾಲ್ಕು ಸ್ಪೀಕರಿನಿಂದ ಅಳಿಯನ ಬಾಕಿ ಹೇಳುತ್ತದೆ. ಯಂತ್ರಕ್ಕೆ ಜೋಡಿಸುವುದು ಗೊತ್ತು, ಯಾವಾಗ ಜೋಡಿಸಬಾರದೆಂಬುದು ಗೊತ್ತಿಲ್ಲ. ವೈರಣ್ಣನಿಗೆ ಗೊತ್ತು. ಸಾವಿನ ಮನೆಯ ದಾರಿಯಲ್ಲಿ ಅವನ ವೈರು ಜೇಬಿನಿಂದ ಹೊರಬರುವುದಿಲ್ಲ. ವೈರಮುಡಿಯ ಜನಜಂಗುಳಿ ಸೇರಲು ಹೊರಟಾಗ ಯಾವ ಭಕ್ತಿಗೀತೆ, ವಾಪಸಾಗುವಾಗ ಯಾವ ಅಂಬರೀಷ್ ಹಾಡು ಎಂಬುದು ಅವನಿಗೆ ಹೇಳಿಕೊಡಬೇಕಿಲ್ಲ. ಅದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿದೆ. ಅಣ್ಣತಮ್ಮಂದಿರ ಮೂರು ಸಂಸಾರ ಒಂದೇ ಗಾಡಿಯಲ್ಲಿ ಕೂತಾಗ ಮಾತು ಮೂರನೇ ಮೈಲಿಗಲ್ಲಿನಲ್ಲಿ ನಾಲೆಯ ನೀರಿಗೂ, ಐದನೆಯದರಲ್ಲಿ ಜಮೀನಿನ ಭಾಗಕ್ಕೂ ಬಂದು ನಿಲ್ಲುವುದು ಖಂಡಿತ. ವೈರಣ್ಣ ಪಿನ್ನು ತಿರುಗಿಸುವಷ್ಟು ಹೊತ್ತು ಎಲ್ಲರೂ ಒಗ್ಗಟ್ಟಾಗಿ ಅವನನ್ನು ಬಯ್ಯುತ್ತಾರೆ. ಹಾಡು ಸಲೀಸಾಗಿ ಬಂದಿದ್ದರೆ ಈ ಒಗ್ಗಟ್ಟು ಎಲ್ಲಿಂದ ಬರಬೇಕಿತ್ತು? ಹಾಗೆಂದು ಇದನ್ನು ಅವನು ಉದ್ದೇಶಪೂರ್ವಕವಾಗಿ ಮಾಡುತ್ತಾನೆಂದು ಹೊಗಳಬೇಕಾಗಿಲ್ಲ. ಅವನ ಗಮನವೆಲ್ಲ ಪಿನ್ನಿನ ಮೇಲಿರುತ್ತದೆ, ಭಾಗದ ಮಾತು ಅವನ ಕಿವಿಗೆ ಬಿದ್ದೇ ಇರುವುದಿಲ್ಲ.

ಕಾಲ ಕೆಟ್ಟಿತು, ವೈರಣ್ಣನ ವಂಶ ಮುಗಿಯಿತು ಎನ್ನುವವರು ಆತುರಪಡುತ್ತಿದ್ದಾರೆ. 2016ರಲ್ಲಿ ಐಫೋನ್ 7ರಿಂದ ಆ್ಯಪಲ್ ಕಂಪನಿ ಪಿನ್ನಿನ ತೂತನ್ನೇ ಮುಚ್ಚಿತು, ಬೇರೆ ಕಂಪನಿಗಳೂ ಒಂದೊಂದಾಗಿ ಅದೇ ಹಾದಿ ಹಿಡಿದವು. ಊರವರು ಇದನ್ನು ಅವನ ಅಂತ್ಯವೆಂದುಕೊಂಡರೆ, ಅವನಿಗೆ ಇದು ಬಡ್ತಿಯಾಯಿತು. ಹೊಸ ಮೊಬೈಲಿಗೆ ತೂತಿಲ್ಲ, ಹಳೇ ಗಾಡಿಗೆ ಬ್ಲೂಟೂತ್ ಇಲ್ಲ. ಒಂದು ಮೊಳದ ಅಂತರ ಮತ್ತೆ ಬಾಯಿ ತೆರೆಯಿತು. ಈಗ ಅವನ ಬಳಿ ಜಿಪ್ಪಿರುವ ಒಂದು ಚೀಲವೇ ಇದೆ. ಅದರಲ್ಲಿ ಚಾರ್ಜರಿನ ಬಾಯಿಗೆ ಸಿಕ್ಕಿಸಿ ಪಿನ್ನಿಗೆ ತೂತು ಮಾಡಿಕೊಡುವ ಗೇಣುದ್ದದ ತುಂಡು, ಅದು ಕಳೆದರೆ ಇರಲೆಂದು ಇನ್ನೊಂದು, ಜೊತೆಗೆ ಹೆಬ್ಬೆರಳಿನಷ್ಟು ಒಂದು ಪೆಟ್ಟಿಗೆ. ಈ ಪೆಟ್ಟಿಗೆ ಮೊಬೈಲಿನಿಂದ ಬ್ಲೂಟೂತಿನಲ್ಲಿ ಹಾಡನ್ನು ಹಿಡಿದು ಆಕ್ಸ್ ವೈರಿನ ಮೂಲಕ ಸೆಟ್ಟಿಗೆ ಕೊಡುತ್ತದೆ. ಅಂದರೆ ವೈರಿಲ್ಲದ ವ್ಯವಸ್ಥೆಗೂ ಅವನು ವೈರು ದೊರಕಿಸಿದ್ದಾನೆ. ಬೇಸು ಬರುವುದಿಲ್ಲವೆಂದು ಬ್ಲೂಟೂತನ್ನು ಹಳಿದ ಮಾತು ಅವನಿಗೀಗ ನೆನಪಿಲ್ಲ. ಪೆಟ್ಟಿಗೆಯ ಬ್ಯಾಟರಿ ಬೀಗರ ಊರು ಮುಟ್ಟುವ ಮೊದಲೇ ಮುಗಿಯುತ್ತದೆ, ಗಾಡಿಯ ಚಾರ್ಜರಿಗೆ ಹಾಕಿದರೆ ಮತ್ತೆ ಅದೇ 'ಕುಂಯ್'. ಅದನ್ನು ನಿಲ್ಲಿಸಲು ವೈರಿನ ನಡುವೆ ಕೂರಿಸುವ ಐಸೊಲೇಟರು ಎಂಬುದೊಂದು ಬರುತ್ತದೆಂದು ಅವನಿಗೆ ತಿಳಿದುಬಂದಿದೆ. ಪಾಂಡವಪುರದ ಅಂಗಡಿಯಲ್ಲಿ ಕೇಳಿದ್ದಾಯಿತು, ಇಲ್ಲವಂತೆ. ಯಾರಾದರೂ ಮೈಸೂರಿಗೆ ಹೋಗುವವರಿದ್ದರೆ ಒಂದು ಮಾತು ಹೇಳಬೇಕಂತೆ, ದುಡ್ಡು ಈಗಲೇ ಕೊಟ್ಟಿರುತ್ತಾನಂತೆ.